ರಾಮಾಚಾರಿಯ ಅಭಾವವಿಚಾರ: ‘ನಾಗರಹಾವು’ ಚಲಚ್ಚಿತ್ರದ ನಾಯಕನಲ್ಲಿ ಕಾಮವೂ ಕೊರತೆಯೂ

೧

ಕ್ರಿ. ಶ. ೧೯೭೨ರ ಡಿಸೆಂಬರ್ ತಿಂಗಳಲ್ಲಿ ತೆರೆಕಂಡ ‘ನಾಗರಹಾವು’ ಎಂಬ ಚಲಚ್ಚಿತ್ರವು ಕನ್ನಡಿಗರ ಮನಸ್ಸಿನಲ್ಲಿ ಅಚ್ಚಳಿಯದೆ ನಿಂತಿರುವ ಕೃತಿಗಳಲ್ಲಿ ಒಂದಾಗಿರುತ್ತದೆ. ಚಿತ್ರದುರ್ಗದ ಕಾದಂಬರಿಕಾರರಾದ ತ. ರಾ. ಸುಬ್ಬರಾಯರು (೧೯೨೦–೧೯೮೪) ಬರೆದ ‘ನಾಗರಹಾವು’, ‘ಒಂದು ಗಂಡು ಎರಡು ಹೆಣ್ಣು’, ‘ಸರ್ಪಮತ್ಸರ’ ಎಂಬ ಮೂರು ಕಾದಂಬರಿಗಳನ್ನು ಒಂದಾಗಿ ಹೆಣೆದು ಪುಟ್ಟಣ್ಣ ಕಣಗಾಲರು (೧೯೩೩–೧೯೮೫) ಇದನ್ನು ನಿರ್ದೇಶಿಸಿದರು. ಎನ್. ವೀರಾಸ್ವಾಮಿಯವರು ನಿರ್ಮಾಪಕರು. ನಾಯಕನಾದ ರಾಮಾಚಾರಿಯ ಪಾತ್ರವನ್ನು ವಿಷ್ಣುವರ್ಧನರೂ (೧೯೫೦–೨೦೦೯), ಅವನ ಗುರುವಾದ ಚಾಮಯ್ಯ ಮೇಷ್ಟ್ರ ಪಾತ್ರವನ್ನು ಕೆ. ಎಸ್. ಅಶ್ವತ್ಥರೂ, ಅಲಮೇಲುವಿನ ಪಾತ್ರವನ್ನು ಆರತಿಯವರೂ, ಮಾರ್ಗರೆಟ್ಟಳ ಪಾತ್ರವನ್ನು ಶುಭಾ ಅವರೂ ವಹಿಸಿದ್ದರು. ತೆಲುಗು, ತಮಿಳು, ಹಿಂದೀ ಭಾಷೆಗಳಲ್ಲಿಯೂ ಈ ಕಥೆಯು ೧೯೭೪ರಲ್ಲಿ ಚಿತ್ರರೂಪವನ್ನು ಪಡೆಯಿತು.

ಈ ರಾಮಾಚಾರಿಯು ಏಕೆ ಕೆಟ್ಟನು ಎಂಬ ಪ್ರಶ್ನೆಗೆ ಲೋಕರೂಢಿಯಲ್ಲಿ ಒಂದು ಉತ್ತರವು ಸಿದ್ಧವಾಗಿದೆ. ಅವನು ಮುಂಗೋಪಿ, ಕಂಡ ಹೆಣ್ಣಿಗೆ ಮನಸೋತವನು, ನಾಗರಹಾವಿನ ಸ್ವಭಾವದವನು, ಕಾಮಕ್ರೋಧಗಳೆರಡೂ ಕೂಡಿ ಅವನನ್ನು ಬಂಡೆಯ ಮೇಲಿಂದ ಕೆಳಕ್ಕೆ ನೂಕಿದವು ಎಂಬುದೇ ಆ ಉತ್ತರ. ಇದನ್ನು ಪೂರ್ವಪಕ್ಷವೆಂದಿಟ್ಟುಕೊಂಡು, ಪಾಶ್ಚಾತ್ಯ ಮನೋವಿಶ್ಲೇಷಣಶಾಸ್ತ್ರದಲ್ಲಿ ಪ್ರಸಿದ್ಧವಾದ ಕಾಮ ಮತ್ತು ಕೊರತೆಗಳ ಸಿದ್ಧಾಂತವನ್ನೂ, ನಮ್ಮ ತರ್ಕಶಾಸ್ತ್ರದ ಅಭಾವವಿಚಾರವನ್ನೂ ಜೊತೆಗಿರಿಸಿ ಪರೀಕ್ಷಿಸಿದರೆ ಬೇರೊಂದು ನಿರ್ಣಯವು ದೊರೆಯುತ್ತದೆ. ರಾಮಾಚಾರಿಯನ್ನು ಕೆಡಿಸಿದುದು ಅವನ ಕಾಮವಲ್ಲ, ಅವನ ವಿಧೇಯತೆ. ಇದನ್ನು ಸ್ಥಾಪಿಸುವುದೇ ಈ ಲೇಖನದ ಪ್ರಯೋಜನ.

೨

ಮೊದಲು ಆ ಶಾಸ್ತ್ರವು ನಮ್ಮ ದೇಶಕ್ಕೆ ಬಂದ ಬಗೆಯನ್ನು ಸಂಗ್ರಹವಾಗಿ ತಿಳಿಯತಕ್ಕದ್ದು. ವಿಯೆನ್ನಾ ನಗರದ ವೈದ್ಯನಾದ ಸಿಗ್ಮಂಡ್ ಫ್ರಾಯ್ಡನು (೧೮೫೬–೧೯೩೯) ಸ್ವಪ್ನಗಳ ಅರ್ಥವನ್ನು ಕುರಿತ ತನ್ನ ಗ್ರಂಥವನ್ನು ೧೯೦೦ನೆಯ ಇಸವಿಯನ್ನು ನಮೂದಿಸಿ ಪ್ರಕಟಿಸಿದನು. ಕಲ್ಕತ್ತೆಯಲ್ಲಿ ಗಿರೀಂದ್ರಶೇಖರ ಬೋಸರು ೧೯೨೨ರಲ್ಲಿಯೇ ಭಾರತೀಯ ಮನೋವಿಶ್ಲೇಷಣ ಸಂಘವನ್ನು ಸ್ಥಾಪಿಸಿದರು. ಬೋಸರು ಫ್ರಾಯ್ಡನ ಅನುಯಾಯಿಗಳಾಗಿದ್ದರೂ ಅವನ ಮಾತನ್ನು ವಿಚಾರಿಸದೆ ಒಪ್ಪಿದವರಲ್ಲ. ತಂದೆಯ ಭಯದಿಂದ ಮಗನಲ್ಲಿ ಹುಟ್ಟುವ ವಿಕಾರಗಳು ಐರೋಪ್ಯ ರೋಗಿಗಳಲ್ಲಿರುವಷ್ಟು ತೀವ್ರವಾಗಿ ತಮ್ಮ ಭಾರತೀಯ ರೋಗಿಗಳಲ್ಲಿ ಕಾಣುವುದಿಲ್ಲವೆಂದು ಅವರು ೧೯೨೯ರಲ್ಲಿ ಫ್ರಾಯ್ಡನಿಗೆ ಬರೆದರು. ಫ್ರಾಯ್ಡನ ಎಪ್ಪತ್ತೈದನೆಯ ಹುಟ್ಟುಹಬ್ಬಕ್ಕೆ, ೧೯೩೧ರಲ್ಲಿ, ಈ ಸಂಘವು ಕಳುಹಿಸಿದ ಕಾಣಿಕೆಯು ಅನಂತನಾಗನ ಮೇಲೆ ಕುಳಿತ ವಿಷ್ಣುವಿನ ದಂತದ ಪ್ರತಿಮೆಯಾಗಿತ್ತು.

ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಎಂ. ವಿ. ಗೋಪಾಲಸ್ವಾಮಿಯವರ ಪ್ರಯತ್ನದಿಂದ ೧೯೨೪ರಲ್ಲಿ ಮನಶ್ಶಾಸ್ತ್ರದ ವಿಭಾಗವು ಆರಂಭವಾಯಿತು. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಮನಶ್ಶಾಸ್ತ್ರವನ್ನೋದಿದ ತ್ರಿವೇಣಿಯವರು (೧೯೨೮–೧೯೬೩) ಆ ತಿಳಿವಳಿಕೆಯನ್ನು ಕನ್ನಡ ಕಾದಂಬರಿಗೆ ತಂದರು. ಅವರ ‘ಶರಪಂಜರ’ವನ್ನು ಪುಟ್ಟಣ್ಣನವರೇ ೧೯೭೧ರಲ್ಲಿ ಚಿತ್ರವಾಗಿಸಿದರು. ವೈದ್ಯರೂ ‘ಕೊರವಂಜಿ’ಯ ಸಂಪಾದಕರೂ ಆಗಿದ್ದ ಎಂ. ಶಿವರಾಮರ ‘ಮನಮಂಥನ’ಕ್ಕೆ ೧೯೭೬ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿಯು ಸಂದಿತು. ಆದುದರಿಂದ ರಾಮಾಚಾರಿಯ ಮನಸ್ಸನ್ನು ಈ ಶಾಸ್ತ್ರದಿಂದ ನೋಡುವುದು ಕನ್ನಡಕ್ಕೆ ಹೊರಗಿನಿಂದ ಹೇರಿದ ಕ್ರಮವೆನ್ನಲಾಗದು. ಮನೋರೋಗಿಣಿಯಾದ ಕಾವೇರಿಯ ಕಥೆಯನ್ನು ಹೇಳಿ ಮುಗಿಸಿದ ನಿರ್ದೇಶಕರೇ ಮರುವರ್ಷ ರಾಮಾಚಾರಿಯ ಕಥೆಯನ್ನು ಕೈಗೆತ್ತಿಕೊಂಡರೆಂಬುದು ಗಮನಾರ್ಹವಾಗಿದೆ.

ಫ್ರಾಯ್ಡನ ಮತವನ್ನು ಫ್ರಾನ್ಸಿನಲ್ಲಿ ಮುಂದುವರಿಸಿದವನು ಝಾಕ್ ಲಕಾನ್ (೧೯೦೧–೧೯೮೧). ಅಗತ್ಯ, ಯಾಚನೆ, ಕಾಮ ಎಂಬ ಮೂರನ್ನು ಅವನು ವಿಂಗಡಿಸುತ್ತಾನೆ. ಕೂಸು ಹಸಿದು ಅಳುತ್ತದೆ. ಹಾಲು ಅದರ ಅಗತ್ಯ. ಆದರೆ ಅಳುವಿನಲ್ಲಿ ಹಾಲಿನ ಬಯಕೆಯೊಂದೇ ಇರುವುದಿಲ್ಲ. ತಾಯಿಯು ತನ್ನವಳಾಗಿ ಬಳಿಯಿರಬೇಕೆಂಬ ಯಾಚನೆಯೂ ಇರುತ್ತದೆ. ಹಾಲು ಕುಡಿದರೆ ಹಸಿವು ತೀರುತ್ತದೆ. ಯಾಚನೆಯು ಪೂರ್ತಿಯಾಗಿ ತೀರುವುದಿಲ್ಲ. ತೀರದೆ ಉಳಿದ ಆ ಶೇಷವೇ ಕಾಮ. ಅದಕ್ಕೆ ಕಾರಣವಾದುದು ಕೊರತೆ. ಆ ಕೊರತೆಯಾದರೋ ಕೈಯಲ್ಲಿದ್ದುದನ್ನು ಕಳೆದುಕೊಂಡುದರಿಂದ ಆದುದಲ್ಲ. ಎಂದೂ ಕೈಗೆ ಬಾರದುದನ್ನು ಕಳೆದುಹೋಯಿತೆಂದು ಬಗೆಯುವುದರಿಂದ ಆದುದು. ಇನ್ನೊಂದು ಮಾತನ್ನೂ ಲಕಾನನು ಹೇಳುತ್ತಾನೆ: ಮನುಷ್ಯನ ಕಾಮವು ಅನ್ಯನ ಕಾಮವೇ ಆಗಿರುತ್ತದೆ, ಎಂದರೆ, ತಾನು ದೊಡ್ಡವನೆಂದು ನಂಬಿದವನು ತನ್ನಿಂದ ಏನನ್ನು ಬಯಸುತ್ತಾನೆಯೋ ಅದನ್ನೇ ಮನುಷ್ಯನು ತಾನೂ ಬಯಸತೊಡಗುತ್ತಾನೆ. ಈ ವಿಚಾರಗಳನ್ನು ಫ್ರಾನ್ಸಿನಲ್ಲಿ ಕ್ರಿಸ್ಟಿಯಾನ್ ಮೆಟ್ಸನೂ ಇಂಗ್ಲೆಂಡಿನಲ್ಲಿ ಲಾರಾ ಮಲ್ವೀ ಎಂಬ ವಿದುಷಿಯೂ ೧೯೭೫ರಲ್ಲಿ ಪ್ರಕಟವಾದ ತಮ್ಮ ಪ್ರಬಂಧಗಳಲ್ಲಿ ಚಲಚ್ಚಿತ್ರಕ್ಕೆ ಅನ್ವಯಿಸಿದರು.

೩

ಇಲ್ಲದಿರುವಿಕೆಯನ್ನು ಇಷ್ಟು ಸೂಕ್ಷ್ಮವಾಗಿ ವಿಚಾರಿಸುವುದು ನಮ್ಮವರಿಗೆ ಹೊಸದಲ್ಲ. ವೈಶೇಷಿಕರು ಅಭಾವವನ್ನು ಏಳನೆಯ ಪದಾರ್ಥವನ್ನಾಗಿ ಗಣಿಸಿದ್ದಾರೆ. ‘ನೆಲದ ಮೇಲೆ ಗಡಿಗೆಯಿಲ್ಲ’ ಎಂಬಲ್ಲಿ ಯಾವುದು ಇಲ್ಲವೋ ಆ ಗಡಿಗೆಯು ಅಭಾವದ ಪ್ರತಿಯೋಗಿ. ಎಲ್ಲಿ ಇಲ್ಲವೋ ಆ ನೆಲವು ಅನುಯೋಗಿ. ಪ್ರತಿಯೋಗಿಯನ್ನು ಹೇಳದೆ ‘ಇಲ್ಲ’ ಎಂದರೆ ಆ ಮಾತಿಗೆ ಅರ್ಥವಿಲ್ಲ. ಮಡಕೆಯಾಗುವುದಕ್ಕೆ ಮೊದಲು ಮಣ್ಣಿನಲ್ಲಿರುವ ಮಡಕೆಯ ಅಭಾವವು ಪ್ರಾಗಭಾವ. ಮಡಕೆಯೊಡೆದ ಮೇಲಿನದು ಪ್ರಧ್ವಂಸಾಭಾವ. ಗಾಳಿಗೆ ಬಣ್ಣವಿಲ್ಲವೆಂಬಂತೆ ಮೂರು ಕಾಲದಲ್ಲಿಯೂ ಇಲ್ಲದಿರುವುದು ಅತ್ಯಂತಾಭಾವ. ಮಡಕೆಯು ಬಟ್ಟೆಯಲ್ಲವೆಂಬುದು ಅನ್ಯೋನ್ಯಾಭಾವ.

ಈ ಪರಿಭಾಷೆಯಲ್ಲಿ ಹೇಳುವುದಾದರೆ, ಲಕಾನನ ಕೊರತೆಯೆಂಬುದು ಅತ್ಯಂತಾಭಾವದಲ್ಲಿ ಪ್ರಧ್ವಂಸಾಭಾವದ ಭ್ರಾಂತಿ. ಎಂದೂ ಇಲ್ಲದುದನ್ನು ಒಡೆದುಹೋದುದೆಂದು ತಿಳಿದು, ಅದರ ಚೂರುಗಳನ್ನು ಹುಡುಕುತ್ತ ಹೋಗುವುದೇ ಕಾಮಿಯ ಜೀವನ. ಇಲ್ಲಿ ಒಂದು ಆಕ್ಷೇಪವುಂಟು. ಎಂದೂ ಕಾಣದುದರ ಕೊರತೆಯು ತೋರುವುದಾದರೂ ಹೇಗೆ? ಪ್ರತಿಯೋಗಿಯ ಜ್ಞಾನವಿಲ್ಲದೆ ಅಭಾವದ ಜ್ಞಾನವಿಲ್ಲವಷ್ಟೆ. ಇದಕ್ಕೆ ನೈಯಾಯಿಕರ ಸಮಾಧಾನವು ಸಿದ್ಧವಾಗಿಯೇ ಇದೆ. ಮೊಲದ ಕೊಂಬನ್ನು ಯಾರೂ ಕಂಡಿಲ್ಲ. ಆದರೆ ಹಸುವಿನ ಕೊಂಬನ್ನು ಎಲ್ಲರೂ ಕಂಡಿದ್ದಾರೆ. ಅಲ್ಲಿ ಕಂಡ ಕೊಂಬನ್ನೇ ಮೊಲದ ತಲೆಯ ಮೇಲೆ ಇಲ್ಲವೆನ್ನುತ್ತೇವೆ. ಒಂದೆಡೆ ಕಂಡುದನ್ನು ಇನ್ನೊಂದೆಡೆ ಅರಸುವುದರಿಂದಲೇ ಕೊರತೆಯು ತೋರುತ್ತದೆ.

ಇನ್ನು ಉಳಿದ ಪ್ರಶ್ನೆ ಒಂದೇ: ರಾಮಾಚಾರಿಯಲ್ಲಿರುವ ಅಭಾವದ ಪ್ರತಿಯೋಗಿ ಯಾವುದು?

೪

ಕಥೆಯ ಆರಂಭದಲ್ಲಿ ರಾಮಾಚಾರಿಯು ಕಾಲೇಜಿನಲ್ಲಿ ನಕಲು ಮಾಡುವಾಗ ಸಿಕ್ಕಿಬಿದ್ದು ಪ್ರಿನ್ಸಿಪಾಲರಿಂದ ದಂಡಿತನಾಗುತ್ತಾನೆ. ನಾಲ್ವರೆದುರಿನ ಅವಮಾನವನ್ನು ಸಹಿಸದೆ ರಾತ್ರಿಯಲ್ಲಿ ಅವರ ಮನೆಗೆ ಕಲ್ಲೆಸೆದು, ಹೊರಬಂದ ಅವರನ್ನು ಕಂಬಕ್ಕೆ ಕಟ್ಟಿಹಾಕುತ್ತಾನೆ. ಮನೆಯಲ್ಲಿ ತಂದೆಯು ಆಚಾರವಂತನಾದ ಬ್ರಾಹ್ಮಣ. ಮಗನ ಅಪಕೀರ್ತಿಯಿಂದ ಬೇಸತ್ತವನು. ತಾಯಿಯದು ಬರಿಯ ಚಿಂತೆ. ಇವರಿಬ್ಬರ ಮಾತಿಗೂ ಬಗ್ಗದ ಹುಡುಗನು ಬಗ್ಗುವುದು ಒಬ್ಬರಿಗೆ ಮಾತ್ರ. ಅವರು ಬಾಲ್ಯದಲ್ಲಿ ಪಾಠ ಹೇಳಿದ ಚಾಮಯ್ಯ ಮೇಷ್ಟ್ರು. ಅವರೂ ಅವರ ಪತ್ನಿಯಾದ ತುಂಗಮ್ಮನೂ ಅವನನ್ನು ಮಗನಂತೆ ಕಾಣುತ್ತಾರೆ.

ಊರಿನ ಕಣ್ಣಿಗೆ ರಾಮಾಚಾರಿಯು ನಾಗರಹಾವು. ಈ ಉಪಮಾನದ ಬಲವನ್ನು ತಿಳಿಯಬೇಕಾದರೆ ಆ ನಾಡಿನ ಆಚಾರವನ್ನು ನೆನೆಯಬೇಕು. ೨೦೨೧ರಲ್ಲಿ ಬಳ್ಳಾರಿಯಿಂದ ಬೇರ್ಪಟ್ಟ ವಿಜಯನಗರ ಜಿಲ್ಲೆಯ ಹಂಪಸಾಗರದಿಂದ ಹೊರಟು ಕೊಟ್ಟೂರು, ಕೂಡ್ಲಿಗಿಗಳ ಸೀಮೆಯನ್ನು ದಾಟಿ ದಕ್ಷಿಣಕ್ಕೆ ಚಿತ್ರದುರ್ಗದವರೆಗೆ ನಡೆದರೆ, ಅರಳಿಕಟ್ಟೆಗಳಲ್ಲಿ ನಾಗರಕಲ್ಲುಗಳನ್ನು ಕಾಣಬಹುದು. ಪಂಚಮಿಯ ದಿನ ಹುತ್ತಕ್ಕೆ ಹಾಲೆರೆಯುವ ಕೈಯೇ ಮನೆಯೊಳಗೆ ನಾಗರವು ಹೊಕ್ಕಾಗ ದೊಣ್ಣೆಯನ್ನು ಹುಡುಕುತ್ತದೆ. ಶಿಲೆಯ ನಾಗನಲ್ಲಿಯೂ ಜೀವವುಳ್ಳ ನಾಗನಲ್ಲಿಯೂ ಜನರು ತೋರುವ ಈ ವಿಷಮಭಾವವನ್ನು ಬಸವಣ್ಣನವರು ಹನ್ನೆರಡನೆಯ ಶತಮಾನದಲ್ಲಿಯೇ ಎತ್ತಿ ತೋರಿದರು. ಇದೇ ಸೀಮೆಯ ಗುಡೇಕೋಟೆಯು ಒನಕೆ ಓಬವ್ವನ ತವರೆಂದು ಪ್ರತೀತಿಯಿದೆ. ಹೈದರಾಲಿಯ ಸೈನಿಕರನ್ನು ಕೋಟೆಯ ಕಿಂಡಿಯಲ್ಲಿ ಒನಕೆಯಿಂದ ಬಡಿದ ಆ ವೀರಳ ಪ್ರಸಂಗವು ಚಿತ್ರದ ನಡುವೆ ಹಾಡಿನ ರೂಪದಲ್ಲಿ ಬರುತ್ತದೆ. ಜಯಂತಿಯವರು ಓಬವ್ವನಾಗಿ ಅಭಿನಯಿಸಿದ್ದಾರೆ. ಆ ಪ್ರಸಂಗವು ಕೇವಲ ಅಲಂಕಾರವಲ್ಲವೆಂದು ತೋರುತ್ತದೆ. ಕಲ್ಲಿನಲ್ಲಿ ನಿಂತ ಶೌರ್ಯಕ್ಕೆ ಕೈಮುಗಿಯುವ ಊರು, ಬೀದಿಯಲ್ಲಿ ನಡೆದಾಡುವ ಶೌರ್ಯಕ್ಕೆ ದೊಣ್ಣೆಯೆತ್ತುತ್ತದೆ.

ಕೂಸು ಕನ್ನಡಿಯಲ್ಲಿ ತನ್ನ ಬಿಂಬವನ್ನು ಕಂಡು, ಹೊರಗಿರುವ ಆ ಆಕಾರವನ್ನೇ ‘ನಾನು’ ಎಂದು ಹಿಡಿಯುತ್ತದೆ ಎಂದು ಲಕಾನನು ೧೯೩೬ರಲ್ಲಿಯೇ ಪ್ರತಿಪಾದಿಸಿದ್ದನು. ರಾಮಾಚಾರಿಗೆ ಊರೇ ಕನ್ನಡಿ. ಅದರಲ್ಲಿ ಕಂಡುದು ಹೆಡೆಯೆತ್ತಿದ ಹಾವು. ವೇದಾಂತಿಗಳ ದೃಷ್ಟಾಂತದಲ್ಲಿ ನೋಡುವವನು ಹಗ್ಗವನ್ನು ಹಾವೆಂದು ಭ್ರಮಿಸಿ ಹೆದರುತ್ತಾನೆ, ಹಗ್ಗಕ್ಕೆ ಭ್ರಮೆಯಿಲ್ಲ. ಇಲ್ಲಿಯಾದರೋ ನೋಡಿದವರ ಭಯವನ್ನು ಕಂಡು ಹಗ್ಗವೇ ತಾನು ಹಾವೆಂದು ನಂಬಿತು. ‘ನೀನು ಹಾವಲ್ಲ’ ಎಂದು ಹೇಳಬಲ್ಲ ಒಂದೇ ಬಾಯಿ ಮೇಷ್ಟ್ರದು. ಅವರ ಮಾತಿಗೆ ಅವನು ತಲೆಬಾಗಿದುದು ಈ ಕಾರಣದಿಂದಲೇ.

೫

ಗೆಳೆಯನಾದ ವರದನು ತನ್ನ ತಂಗಿ ಅಲಮೇಲುವನ್ನು ಪೀಡಿಸುತ್ತಿದ್ದ ಜಲೀಲನೆಂಬವನಿಂದ ಅವಳನ್ನು ಕಾಯಬೇಕೆಂದು ರಾಮಾಚಾರಿಯನ್ನು ಬೇಡುತ್ತಾನೆ. ಕಾದರೆ ಅವಳನ್ನು ಕೊಟ್ಟು ಮದುವೆ ಮಾಡುವೆನೆಂದೂ ಆಸೆ ತೋರಿಸುತ್ತಾನೆ. ಅವನು ಕಾಯುತ್ತಾನೆ, ಇಬ್ಬರಲ್ಲಿಯೂ ಪ್ರೀತಿಯು ಮೂಡುತ್ತದೆ. ಮದುವೆಯ ಮಾತು ಬಂದಾಗ ವರದನು ಹಿಂದೆಗೆಯುತ್ತಾನೆ. ಮತಭೇದವು ಅಡ್ಡ ಬರುತ್ತದೆ. ಆಗ ಚಾಮಯ್ಯ ಮೇಷ್ಟ್ರು ತ್ಯಾಗದ ಮಹಿಮೆಯನ್ನು ಬೋಧಿಸಿ ಅಲಮೇಲುವನ್ನು ಬಿಟ್ಟುಬಿಡುವಂತೆ ಹೇಳುತ್ತಾರೆ. ಯಾರ ಮಾತನ್ನೂ ಕೇಳದವನು ಈ ಮಾತನ್ನು ಕೇಳುತ್ತಾನೆ. ಅನಂತರ ಕ್ರೈಸ್ತ ಕನ್ಯೆಯಾದ ಮಾರ್ಗರೆಟ್ಟಳಲ್ಲಿ ಅನುರಾಗವು ಹುಟ್ಟುತ್ತದೆ. ಗಂಡನಿಂದಲೇ ವೇಶ್ಯಾವೃತ್ತಿಗೆ ತಳ್ಳಲ್ಪಟ್ಟ ಅಲಮೇಲುವನ್ನು ಒಂದು ದೊಡ್ಡ ಹೋಟೆಲಿನಲ್ಲಿ ಕಂಡಾಗ, ಗುರುವಿನ ಮಾತಿಗೆ ತಾನು ಕೊಟ್ಟ ಬೆಲೆಯು ಏನೆಂಬುದು ಅವನಿಗೆ ತಿಳಿಯುತ್ತದೆ. ಮಾರ್ಗರೆಟ್ಟಳನ್ನು ವರಿಸಲು ಹೊರಟಾಗ ಮತ್ತೆ ಮೇಷ್ಟ್ರು ಅಡ್ಡ ನಿಲ್ಲುತ್ತಾರೆ. ಬೆಟ್ಟದ ಮೇಲೆ ಮಾತಿಗೆ ಮಾತು ಬೆಳೆದು, ಶಿಷ್ಯನು ದೂಡಲು ಗುರುವು ಕೆಳಗೆ ಬಿದ್ದು ಮೃತನಾಗುತ್ತಾನೆ. ಅನಂತರ ರಾಮಾಚಾರಿಯೂ ಮಾರ್ಗರೆಟ್ಟಳೂ ಅಲ್ಲಿಂದಲೇ ಧುಮುಕಿ ಪ್ರಾಣಬಿಡುತ್ತಾರೆ.

ಅಭಾವದ ಪ್ರತಿಯೋಗಿಯನ್ನು ನಿಶ್ಚಯಿಸಲು ಅನ್ವಯವ್ಯತಿರೇಕಗಳೇ ಸಾಧನ. ಪ್ರತಿಯೋಗಿಯು ಅಲಮೇಲುವಾಗಿದ್ದರೆ, ಅವಳ ಜಾಗದಲ್ಲಿ ಮಾರ್ಗರೆಟ್ಟಳು ನಿಲ್ಲುವುದು ಶಕ್ಯವಾಗುತ್ತಿರಲಿಲ್ಲ. ಹೆಂಗಸು ಬೇರೆಯಾದರೂ ಕೊರತೆಯು ಹಾಗೆಯೇ ಉಳಿದುದರಿಂದ ಅಲಮೇಲುವು ಪ್ರತಿಯೋಗಿಯಲ್ಲ. ಮಾರ್ಗರೆಟ್ಟಳೇ ಪ್ರತಿಯೋಗಿಯೆಂದರೆ ಅದೂ ಸಲ್ಲದು. ಮೇಷ್ಟ್ರು ಸತ್ತ ಮೇಲೆ ಅವಳನ್ನು ಬೇಡವೆನ್ನುವವರಲ್ಲಿ ಅವನು ಕಿವಿಗೊಡತಕ್ಕವರು ಯಾರೂ ಉಳಿದಿರಲಿಲ್ಲ. ಅವಳು ಪಕ್ಕದಲ್ಲಿಯೇ ನಿಂತಿದ್ದಳು. ಬಯಸಿದುದು ಅವಳನ್ನೇ ಆಗಿದ್ದರೆ ಬಯಕೆಯು ಆ ಕ್ಷಣದಲ್ಲಿ ಕೈಗೂಡಬೇಕಾಗಿತ್ತು. ಕೈಗೂಡುವ ಬದಲು ಬದುಕೇ ಬೇಡವಾಯಿತು. ಗುರುಹತ್ಯೆಯ ಪಶ್ಚಾತ್ತಾಪದಿಂದ ಹೀಗಾಯಿತೆಂದು ಹೇಳಬಹುದು, ದಿಟವೇ. ಆದರೆ ಆ ಪಶ್ಚಾತ್ತಾಪವೇ ಸಾಕ್ಷಿಯಾಗುತ್ತದೆ: ಪ್ರಿಯೆಯೊಡನೆ ಬಾಳುವುದಕ್ಕಿಂತ ಆ ಒಬ್ಬರ ಒಪ್ಪಿಗೆಯಿಲ್ಲದೆ ಬಾಳಲಾಗದಿರುವುದೇ ಅವನಲ್ಲಿ ಬಲವತ್ತರವಾಗಿತ್ತು.

ಆದುದರಿಂದ ಪ್ರತಿಯೋಗಿಯು ಅನುಮತಿಯೆಂದು ನಿರ್ಣಯಿಸಬೇಕಾಗುತ್ತದೆ. ‘ನೀನು ನೀನಾಗಿಯೇ ಬಾಳಬಹುದು’ ಎಂದು ತಂದೆಯ ಸ್ಥಾನದಲ್ಲಿರುವವರು ಹೇಳಬೇಕಾದ ಮಾತು ಅದು. ಫ್ರೆಂಚ್ ಭಾಷೆಯಲ್ಲಿ ‘ಹೆಸರು’ ಮತ್ತು ‘ಬೇಡ’ ಎಂಬ ಅರ್ಥದ ಎರಡು ಶಬ್ದಗಳು ಕಿವಿಗೆ ಒಂದೇ ಆಗಿ ಕೇಳುವುವು. ಈ ಶ್ಲೇಷವನ್ನು ಹಿಡಿದು ಲಕಾನನು, ತಂದೆಯು ಮಗನಿಗೆ ಹೆಸರನ್ನೂ ನಿಷೇಧವನ್ನೂ ಒಟ್ಟಿಗೆ ಕೊಡುತ್ತಾನೆಂದು ವಿವರಿಸುತ್ತಾನೆ. ‘ಇದು ಬೇಡ’ ಎನ್ನುವವನು ‘ಇದು ಆಗಬಹುದು’ ಎಂಬ ಹೊಲವನ್ನೂ ತೋರಿಸಿಕೊಡಬೇಕು. ರಾಮಾಚಾರಿಗೆ ತಂದೆಯಿಂದ ದೊರೆತುದು ನಿಷೇಧ ಮಾತ್ರ. ಮೇಷ್ಟ್ರಲ್ಲಿ ವಾತ್ಸಲ್ಯವಿತ್ತು, ಅನುಮತಿಯಿರಲಿಲ್ಲ. ವಾತ್ಸಲ್ಯವನ್ನು ಕಂಡು ಅನುಮತಿಯೂ ಇರುವುದೆಂದು ಅವನು ಊಹಿಸಿದನು. ಹಸುವಿನ ಕೊಂಬನ್ನು ಮೊಲದಲ್ಲಿ ಅರಸಿದಂತಾಯಿತು. ಅಲಮೇಲುವನ್ನು ಬಿಟ್ಟುದು ಅವಳಲ್ಲಿ ಪ್ರೀತಿಯಿಲ್ಲದೆ ಅಲ್ಲ. ಬಿಟ್ಟರೆ ಆ ಮಾತು ದೊರೆತೀತೆಂದು. ಗುರುವಿನ ಕಾಮವನ್ನು ತನ್ನ ಕಾಮವನ್ನಾಗಿ ಮಾಡಿಕೊಂಡುದೇ ಅವನ ತ್ಯಾಗದ ಒಳಗುಟ್ಟು.

೬

ಇಲ್ಲಿ ಎರಡು ಆಕ್ಷೇಪಗಳನ್ನು ಪರಿಹರಿಸತಕ್ಕದ್ದು. ಕಲ್ಪಿತ ಪಾತ್ರಕ್ಕೆ ಮನಸ್ಸೆಲ್ಲಿಯದು, ಅದನ್ನು ವಿಶ್ಲೇಷಿಸುವುದು ಹೇಗೆ ಎಂಬುದು ಮೊದಲನೆಯದು. ರಾಮಾಚಾರಿಯು ರೋಗಿಯೂ ಅಲ್ಲ, ಅವನಿಗೆ ಚಿಕಿತ್ಸೆಯೂ ಇಲ್ಲ. ವಿಶ್ಲೇಷಣಕ್ಕೆ ವಿಷಯವಾದುದು ಕಥೆಯ ಬಂಧ. ಆಲಂಕಾರಿಕರು ರಸವನ್ನು ನಾಯಕನಲ್ಲಿ ಇರಿಸದೆ ಸಹೃದಯನಲ್ಲಿ ಇರಿಸಿದಂತೆ, ಈ ಕೊರತೆಯನ್ನೂ ಪ್ರೇಕ್ಷಕನಲ್ಲಿಯೇ ಹುಡುಕಬೇಕು. ನಾಯಕನ ಹೆಡೆಯೆತ್ತಿದ ರೋಷವನ್ನು ಮೆಚ್ಚಿ, ಮೇಷ್ಟ್ರ ಸೌಮ್ಯತೆಗೆ ಕಣ್ಣೀರಿಟ್ಟು, ಎರಡೂ ನಿಜವೆಂದು ಒಪ್ಪಿದ ಪ್ರೇಕ್ಷಕನಿಗೆ ತನ್ನ ಮನೆಯ ಕಥೆಯೇ ಕಂಡಿರಬೇಕು.

ತಂದೆಮಕ್ಕಳ ವೈರವು ಗ್ರೀಕರ ಈಡಿಪಸನ ಕಥೆ, ನಮ್ಮದಲ್ಲ ಎಂಬುದು ಎರಡನೆಯದು. ಕನ್ನಡ ನಾಡಿನ ಜನಪದ ಕಥೆಗಳನ್ನು ಸಂಗ್ರಹಿಸಿದ ಎ. ಕೆ. ರಾಮಾನುಜನ್ನರು ಭಾರತದ ಈಡಿಪಸನನ್ನು ಕುರಿತ ತಮ್ಮ ಪ್ರಬಂಧದಲ್ಲಿ ಇದನ್ನು ವಿಚಾರಿಸಿ, ನಮ್ಮಲ್ಲಿ ಕಥೆಯ ದಿಕ್ಕು ತಿರುಗಿರುವುದನ್ನು ತೋರಿಸಿದ್ದಾರೆ. ಗ್ರೀಕ್ ಮಗನು ತಂದೆಯನ್ನು ಕೊಲ್ಲುತ್ತಾನೆ. ಭಾರತದ ಮಗನು ತಂದೆಗಾಗಿ ತನ್ನನ್ನು ಕೊಟ್ಟುಕೊಳ್ಳುತ್ತಾನೆ. ಯಯಾತಿಗೆ ಯೌವನವನ್ನಿತ್ತ ಪೂರುವೂ, ಶಂತನುವಿಗಾಗಿ ಮದುವೆಯನ್ನು ತೊರೆದ ಭೀಷ್ಮನೂ ಇದಕ್ಕೆ ನಿದರ್ಶನ. ರಾಮಾಚಾರಿಯಲ್ಲಿ ಎರಡೂ ಒಂದರ ಮೇಲೊಂದಾಗಿ ನಡೆಯುತ್ತವೆ. ಮೊದಲ ಸಲ ಅವನು ಪೂರುವಾಗುತ್ತಾನೆ; ಎರಡನೆಯ ಸಲ ಈಡಿಪಸನಾಗುತ್ತಾನೆ. ಮೊದಲನೆಯದು ಹಾಗಾಗದಿದ್ದರೆ ಎರಡನೆಯದು ಹೀಗಾಗುತ್ತಿರಲಿಲ್ಲ. ತನ್ನ ಕಾಮದ ವಿಷಯದಲ್ಲಿ ಹಿಂಜರಿದುದೊಂದೇ ಮನುಷ್ಯನ ನಿಜವಾದ ಅಪರಾಧವೆಂದು ಲಕಾನನು ೧೯೫೯–೬೦ರ ಉಪನ್ಯಾಸಗಳಲ್ಲಿ ಹೇಳಿದುದಕ್ಕೆ ಇಲ್ಲಿ ಒಂದು ಪುಷ್ಟಿಯು ದೊರೆಯುತ್ತದೆ.

೭

ಆದರೆ ಲಕಾನನ ಮಾತನ್ನು ಇಲ್ಲಿಗೇ ನಿಲ್ಲಿಸಿದರೆ ಒಂದು ಲೋಪವುಳಿಯುತ್ತದೆ. ತೆರೆಯ ಮೇಲೆ ಪುರುಷನು ನೋಡುವವನಾಗಿಯೂ ಸ್ತ್ರೀಯು ನೋಡಲ್ಪಡುವವಳಾಗಿಯೂ ಇರುತ್ತಾರೆಂಬುದು ಮಲ್ವೀಯವರ ಆಕ್ಷೇಪ. ಅನುಮತಿಯನ್ನು ಬೇಡಿದವನು ರಾಮಾಚಾರಿ, ಕೊಡದವರು ಮೇಷ್ಟ್ರು. ಅಲಮೇಲುವನ್ನು ಯಾರಾದರೂ ಕೇಳಿದರೆ? ತ್ಯಾಗವೆಂಬ ಹೆಸರು ರಾಮಾಚಾರಿಗೆ ಬಂದಿತು. ಹಾಳಾದುದು ಅವಳ ಬಾಳು. ಗಿರೀಶ ಕಾರ್ನಾಡರ ‘ಯಯಾತಿ’ ನಾಟಕದಲ್ಲಿ (೧೯೬೧) ಪೂರುವಿನ ತ್ಯಾಗಕ್ಕೆ ಪ್ರಾಣವನ್ನು ತೆತ್ತವಳು ಅವನ ಹೆಂಡತಿಯಾದ ಚಿತ್ರಲೇಖೆ ಎಂಬುದನ್ನು ಇಲ್ಲಿ ನೆನೆಯಬಹುದು.

ಮೀಮಾಂಸಾಶಾಸ್ತ್ರದಲ್ಲಿ ಇದಕ್ಕೆ ಸಂಬಂಧಿಸಿದ ಒಂದು ವಿಚಾರವಿದೆ. ವಿಶ್ವಜಿತ್ತೆಂಬ ಯಾಗದಲ್ಲಿ ಯಜಮಾನನು ತನ್ನ ಸರ್ವಸ್ವವನ್ನೂ ದಾನಮಾಡಬೇಕು. ಹಾಗಾದರೆ ‘ತನ್ನವರು’ ಎನ್ನಲ್ಪಡುವ ತಂದೆತಾಯಿಗಳನ್ನೂ ಕೊಡಬಹುದೆ ಎಂಬ ಸಂಶಯಕ್ಕೆ ಜೈಮಿನಿಗಳು ಇಲ್ಲವೆಂದು ನಿರ್ಣಯಿಸುತ್ತಾರೆ; ಯಾವುದರಲ್ಲಿ ಸ್ವಾಮ್ಯವುಂಟೋ ಅದಕ್ಕೆ ಮಾತ್ರ ದಾನವು ಸಲ್ಲುತ್ತದೆ. ಈ ನ್ಯಾಯದಿಂದ ನೋಡಿದರೆ ಅಲಮೇಲುವನ್ನು ತ್ಯಾಗಮಾಡಲು ರಾಮಾಚಾರಿಗೆ ಅಧಿಕಾರವಿರಲಿಲ್ಲ. ಮಾಡೆಂದು ಹೇಳಲು ಮೇಷ್ಟ್ರಿಗೂ ಇರಲಿಲ್ಲ. ತನ್ನದಲ್ಲದುದನ್ನು ಕೊಟ್ಟ ದಾನವು ದಾನವೇ ಅಲ್ಲವಾದುದರಿಂದ, ಅದಕ್ಕೆ ಫಲವಾಗಿ ಬಯಸಿದ ಅನುಮತಿಯೂ ಬರಲಿಲ್ಲ. ಹೋಟೆಲಿನಲ್ಲಿ ಅಲಮೇಲುವನ್ನು ಕಂಡಾಗ ಅವನ ನಂಬಿಕೆಯು ಮುರಿದುದು ಇದನ್ನು ತಿಳಿದುದರಿಂದಲೇ.

ಚಾಮಯ್ಯ ಮೇಷ್ಟ್ರನ್ನು ದುಷ್ಟರೆನ್ನುವುದು ನ್ಯಾಯವಲ್ಲ. ಅವರು ಶಿಷ್ಯನನ್ನು ಮಗನಿಗಿಂತ ಹೆಚ್ಚಾಗಿ ಪ್ರೀತಿಸಿದರು. ತಿಳಿದ ಧರ್ಮವನ್ನೇ ಹೇಳಿದರು. ತಮ್ಮ ಬಾಯಿಂದ ಯಾವ ಮಾತನ್ನು ಅವನು ಕಾದಿದ್ದನೆಂಬುದು ಮಾತ್ರ ಅವರಿಗೆ ತಿಳಿಯಲಿಲ್ಲ. ಕಾಮಕ್ರೋಧಗಳಿಂದ ರಾಮಾಚಾರಿಯು ಕೆಟ್ಟನೆಂಬ ಪೂರ್ವಪಕ್ಷವು ಹೀಗೆ ನಿಲ್ಲದೆ ಹೋಗುತ್ತದೆ. ಅವನ ಕ್ರೋಧವು ಊರು ಕೊಟ್ಟ ಹೆಡೆ. ಅವನ ಕಾಮವು ಒಪ್ಪಿಗೆಯ ಹಸಿವು. ಮಕ್ಕಳಿಗೆ ‘ಬೇಡ’ವನ್ನು ಕಲಿಸುವ ಹಿರಿಯರು ಅದರ ಜೊತೆಯಲ್ಲಿ ಕೊಡಬೇಕಾದ ಇನ್ನೊಂದು ಮಾತನ್ನು ಮರೆತರೆ, ಪ್ರೀತಿಯಿದ್ದೂ ಕೊರತೆಯು ತಪ್ಪುವುದಿಲ್ಲ. ಚಿತ್ರದುರ್ಗದ ಬಂಡೆಯ ಮೇಲಿನ ಆ ಮೂರು ಸಾವುಗಳಿಂದ ತಿಳಿಯತಕ್ಕ ಅರ್ಥವು ಇಷ್ಟು.